ಸವೆದ ಬೇರಿಂಗ್

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಹಳೆಯ ಕಾರಿತ್ತು. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಆ ಕಾರೇ ಹೋಗಬೇಕು. ಅದನ್ನು ಓಡಿಸುವವನು ಪಶುಪತಿ ಎಂಬ ಶಿಷ್ಯ. ಆಶ್ರಮದಲ್ಲಿ ಅವನಿಗೆ ಅದಕ್ಕಿಂತ ಪ್ರಿಯವಾದ ಕೆಲಸ ಇರಲಿಲ್ಲ.

ಒಂದು ಮಧ್ಯಾಹ್ನ, ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯಲು ಹೋಗಿದ್ದ ಅವನು ನಡೆದುಕೊಂಡು ಮರಳಿದ.

ಗುರು ನಿರಂಜನಮ್ಮನವರು ಸೊಪ್ಪು ಬಿಡಿಸುತ್ತಿದ್ದರು. ಸನ್ಯಾಸಕ್ಕೆ ಮೊದಲು ಅವರು ಗಂಡನ ಜೊತೆ ಮೋಟಾರು ವರ್ಕ್‌ಶಾಪು ನಡೆಸಿದವರು.

“ಕಾರೆಲ್ಲಿ?”

“ದಾರಿಯಲ್ಲಿ ನಿಂತುಬಿಟ್ಟಿದೆ, ಅಮ್ಮ. ಎಂಜಿನ್ನಿನ ಒಳಗೆ ಬೇರಿಂಗ್ ಹೋಗಿದೆ.”

“ಅದರಲ್ಲಿದ್ದ ಹುಡುಗಿ?”

“ಹಾಲಿನ ವ್ಯಾನಿನವರು ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಗಂಡು ಮಗು. ಇಬ್ಬರೂ ಚೆನ್ನಾಗಿದ್ದಾರೆ.”

“ಬೇರಿಂಗ್ ಹೋಗುವ ಮೊದಲು ಸದ್ದು ಮಾಡಿರಬೇಕಲ್ಲ?”

“ಕಟಕಟ ಎನ್ನುತ್ತಿತ್ತು. ನಾನು ಜಪದಲ್ಲಿದ್ದೆ.”

“ದೇವರು ಬಾಗಿಲು ಬಡಿಯುತ್ತಿದ್ದ. ನಿನಗೆ ಪುರುಸೊತ್ತಿರಲಿಲ್ಲ.”

ಪಶುಪತಿ ತಲೆ ತಗ್ಗಿಸಿದ. “ಆ ವ್ಯಾನು ಬಾರದೆ ಹೋಗಿದ್ದರೆ ಏನಾಗುತ್ತಿತ್ತೋ. ನಾಳೆಯಿಂದ ಉಪವಾಸ ಕೂರುತ್ತೇನೆ, ಅಮ್ಮ.”

“ನೀನು ಹಸಿದರೆ ಕಾರು ಓಡುತ್ತದೆಯೇ? ಹೊಟ್ಟೆ ತುಂಬ ಊಟ ಮಾಡು. ಆಮೇಲೆ ಎಂಜಿನ್ ಬಿಚ್ಚು.”

“ಸರಿಹೋದ ಮೇಲೆ ಯಾರು ಓಡಿಸುತ್ತಾರೆ?”

“ಮೊದಲು ಬಿಚ್ಚು.”

ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಎಳೆದು ತಂದರು. ಗುರು ಹೇಳಿಕೊಟ್ಟಂತೆ ಪಶುಪತಿ ಎಂಜಿನ್ ಬಿಚ್ಚಿದ. ಅದರ ನಡುವೆ ತಿರುಗುವ ಕ್ರ್ಯಾಂಕಿನ ಮೈಯೆಲ್ಲ ಗೀಚಿಹೋಗಿತ್ತು. ಪೇಟೆಯ ಲೇತ್ ಯಂತ್ರದಲ್ಲಿ ಅದನ್ನು ನುಣುಪು ಮಾಡಿಸಿದ. ಅದಕ್ಕೆ ಒಪ್ಪುವ, ಅರ್ಧ ಬಳೆಯಂಥ ಹೊಸ ಬೇರಿಂಗ್‌ಗಳನ್ನು ತಂದ.

“ಇಂದೇ ಕೂರಿಸಿಬಿಡುತ್ತೇನೆ, ಅಮ್ಮ.”

ನಿರಂಜನಮ್ಮನವರು ಹಳೆಯ ಬೇರಿಂಗ್ ಒಂದನ್ನು ತರಿಸಿದರು. ಹೊಸದರ ಪಕ್ಕದಲ್ಲಿ, ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಹಳೆಯದು ಹಪ್ಪಳದಷ್ಟು ತೆಳ್ಳಗಾಗಿತ್ತು.

“ಉಳಿದದ್ದೆಲ್ಲಿ?”

“ಸವೆದುಹೋಯಿತಲ್ಲ, ಅಮ್ಮ.”

“ಸವೆದು ಎಲ್ಲಿಗೆ ಹೋಯಿತು? ಊರಿಗೇ?”

ಪಶುಪತಿ ಹಳೆಯದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

ಅವರು ಅವನ ಹೆಗಲ ಮೇಲಿದ್ದ ಬಿಳಿ ವಸ್ತ್ರವನ್ನು ಎಳೆದುಕೊಂಡು ನೆಲದ ಮೇಲೆ ಹಾಸಿದರು. ಎಂಜಿನ್ನಿನೊಳಗೆ ಎಣ್ಣೆ ಹರಿಯುವ ಸಣ್ಣ ರಂಧ್ರಕ್ಕೆ ಸೀಮೆಎಣ್ಣೆ ಹೊಯ್ದರು. ಅದು ಇನ್ನೊಂದು ತುದಿಯಿಂದ ವಸ್ತ್ರದ ಮೇಲೆ ಇಳಿಯಿತು.

ವಸ್ತ್ರ ಮಿನುಗಿತು. ಕಣ್ಣಿಗೆ ಕಂಡೂ ಕಾಣದಂಥ ಲೋಹದ ಪುಡಿ.

“ಇದರ ಮೇಲೆ ಹೊಸದನ್ನು ಕೂರಿಸಿದ್ದರೆ?” ಎಂದು ಪಶುಪತಿ ಮೆಲ್ಲಗೆ ಕೇಳಿದ.

“ಹೊಸದನ್ನೂ ತಿಂದು ಮುಗಿಸುತ್ತಿತ್ತು.”

ಅವನು ತೊಳೆಯಲು ಕುಳಿತ. ರಂಧ್ರಗಳಿಗೆಲ್ಲ ತಂತಿ ತೂರಿಸಿದ, ಕೆರೆದ, ಸೀಮೆಎಣ್ಣೆ ಹೊಯ್ದ. ಕೈಯ ಚರ್ಮ ಸುಲಿಯಿತು. ವಸ್ತ್ರ ಮಿನುಗುತ್ತಲೇ ಇತ್ತು.

“ಇದು ಯಾವಾಗ ಮುಗಿಯುತ್ತದೆ, ಅಮ್ಮ?”

“ಬಟ್ಟೆಯನ್ನು ಕೇಳು.”

ಕೊನೆಗೊಂದು ದಿನ ಬಟ್ಟೆ ಒದ್ದೆಯಾಯಿತು, ಅಷ್ಟೆ. ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರೂ ಒಂದು ಕಣ ಹೊಳೆಯಲಿಲ್ಲ.

ಪಶುಪತಿ ಮತ್ತೆ ಸೀಮೆಎಣ್ಣೆಯ ಡಬ್ಬಕ್ಕೆ ಕೈ ಹಾಕಿದ.

ನಿರಂಜನಮ್ಮನವರು ಡಬ್ಬವನ್ನು ಆಚೆಗೆ ಸರಿಸಿದರು. “ಎಂಜಿನ್ ಶುದ್ಧವಾಗಿದೆ. ಈಗ ಯಾರನ್ನು ತೊಳೆಯುತ್ತಿದ್ದೀಯ?”

ಅವನು ಡಬ್ಬವನ್ನು ಬಿಟ್ಟ. ಕೈ ಒರೆಸಿಕೊಂಡು ಹೊಸ ಬೇರಿಂಗ್‌ಗಳನ್ನು ಎತ್ತಿಕೊಂಡ.

ಎಂಜಿನ್ ಮತ್ತೆ ಜೋಡಣೆಯಾಯಿತು. ಕೆಲವು ದಿನ ಗುರುವೇ ಕಾರನ್ನು ಹೊಳೆಯ ದಾರಿಯಲ್ಲಿ ನಿಧಾನವಾಗಿ ಓಡಿಸಿ ನೋಡಿದರು. ಮುಂದೆ ಯಾರು ಓಡಿಸಬೇಕೆಂದು ಪಶುಪತಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಫೋನು ಬಂತು. ಚೊಚ್ಚಲ ಬಸುರಿ, ನೋವು ಈಗಷ್ಟೆ ಶುರುವಾಗಿದೆ.

ನಿರಂಜನಮ್ಮನವರು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಮುಂದೆ ಯಾರೂ ಇರಲಿಲ್ಲ.

“ಅಮ್ಮ, ಓಡಿಸುವವರು?” ಎಂದ ಪಶುಪತಿ.

“ನಿಂತುಕೊಂಡು ಓಡಿಸುವುದಾದರೆ ನಿಂತಿರು.”

ಅವನು ಬಂದು ಕುಳಿತ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೊರಡುವ ಮೊದಲು ಅವನು ಅದರ ಸದ್ದಿಗೆ ಕಿವಿಗೊಟ್ಟ.

ಗುರು ಸೆರಗು ಹೊದ್ದು ಸೀಟಿಗೆ ಒರಗಿದರು. “ಆ ಹಳ್ಳಿ ಬರುವವರೆಗೆ ಸ್ವಲ್ಪ ನಿದ್ದೆ ಮಾಡುತ್ತೇನೆ.”

“ದಾರಿಯಲ್ಲಿ ಮತ್ತೆ ಆ ಸದ್ದು ಬಂದರೆ ನಿಮ್ಮನ್ನು ಎಬ್ಬಿಸಲೇ, ಅಮ್ಮ?”

“ನನ್ನನ್ನು ಎಬ್ಬಿಸಬೇಡ,” ಎಂದರು ನಿರಂಜನಮ್ಮನವರು, ಕಣ್ಣು ಮುಚ್ಚಿಕೊಂಡೇ. “ಗಾಡಿ ನಿಲ್ಲಿಸು.”