ಮುಳ್ಳುಹಂದಿಯನ್ನ ಗುಮ್ಮ ಮಾಡಿದ ಮೊಲ

ಬೋಳುಗಲ್ಲು ಗುಡ್ಡದ ಬುಡದಲ್ಲಿ ಒಂದು ಕುರುಚಲು ಕಾಡು. ಕಾರೆ, ತಂಗಡಿ, ಬಂದರೆ ಗಿಡ, ಅವುಗಳ ನಡುವೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ನಡುವೆ ಒಂದು ನೀರಿನ ಕುಂಟೆ. ಅಲ್ಲಿ ಯಾವ ಪೊದೆಯಲ್ಲಿ ಯಾರ ಸಂಸಾರ ಅಂತ ನನ್ನಷ್ಟು ತಿಳಿದೋನು ಈ ಸೀಮೆಯಲ್ಲೇ ಇಲ್ಲ. ಅದಕ್ಕೇ ಹೇಳ್ತಿದ್ದೀನಿ, ಮಕ್ಕಳಾ, ಬಾಯಿ ಮುಚ್ಕೊಂಡು ಕೇಳ್ರಿ. ನಡುವೆ ಯಾರಾದ್ರೂ ನಕ್ಕರೆ ಎದ್ದು ಹೋಗ್ತೀನಿ. ಇದು ನಗೋ ಕತೆ ಅಲ್ಲ.

ಆ ಹುಲ್ಲಿನಲ್ಲಿ ಈರಕ್ಕ ಅಂತ ಒಂದು ಮೊಲ ಇತ್ತು. ಅವಳ ಮಗ ಗಿಡ್ಡ. ಪಕ್ಕದ ತಂಗಡಿ ಗಿಡದ ಕೆಳಗೆ ಪಾರಕ್ಕ ಅನ್ನೋ ಗೌಜಲಕ್ಕಿ. ಸ್ವಲ್ಪ ಮೇಲೆ, ದೊಡ್ಡ ಬಂಡೆಯ ಕೆಳಗೆ, ಆಳವಾದ ಬಿಲದಲ್ಲಿ ಓಬಜ್ಜ ಅನ್ನೋ ಮುದಿ ಮುಳ್ಳುಹಂದಿ ಒಂಟಿಯಾಗಿ ಇದ್ದ.

ಗಿಡ್ಡನಿಗೆ ಓಬಜ್ಜ ಅಂದ್ರೆ ಪ್ರಾಣ. ಅಜ್ಜ ನಡೆದರೆ ಬೆನ್ನಿನ ಮುಳ್ಳು ಗಲಗಲ ಅನ್ನೋದು. ಆ ಸದ್ದು ಕೇಳಿದ್ರೆ ಸಾಕು, ಕಿವಿ ನೆಟ್ಟಗೆ ಮಾಡ್ಕೊಂಡು ಓಡೋನು. ಅಜ್ಜ ಗೆಡ್ಡೆ ಅಗೆದು ಒಂದು ಚೂರು ಕೊಡೋನು. ಉದುರಿದ ಮುಳ್ಳು ಸಿಕ್ಕರೆ ಗಿಡ್ಡ ಅದನ್ನ ಉರುಳಿಸ್ಕೊಂಡು ಇಡೀ ದಿನ ಆಡೋನು.

"ಅಜ್ಜ, ಈ ಮುಳ್ಳು ಬಾಣದ ತರ ಬಿಡ್ತೀಯಂತೆ, ಹೌದಾ?"

"ಬಿಡೋಕೆ ಬಂದಿದ್ರೆ ನಾನ್ಯಾಕೆ ಗೆಡ್ಡೆ ಅಗೀತಾ ಕೂತಿರ್ತಿದ್ದೆ, ರಾಜ್ಯ ಆಳ್ತಿದ್ದೆ," ಅಂದು ಅಜ್ಜ ನಗೋನು.

ಎಲ್ಲಾ ಸರಿಯಾಗೇ ಇತ್ತು. ಕೆಡಿಸಿದ್ದು ಒಂದು ತುತ್ತು.

ಗಿಡ್ಡ ಹಾಲು ಬಿಟ್ಟು ಹುಲ್ಲು ಮೇಯೋ ವಯಸ್ಸಿಗೆ ಬಂದ. ಒಂದು ಎಸಳು ಕಡಿಯೋನು, ನಾಲ್ಕು ಸಲ ಕುಣಿಯೋನು. ಇನ್ನೊಂದು ಎಸಳು ಅನ್ನೋಷ್ಟರಲ್ಲಿ ಚಿಟ್ಟೆ ಹಿಂದೆ ಹೋಗಿರೋನು. ಈರಕ್ಕನಿಗೆ ಸಹನೆ ಕಮ್ಮಿ. ಜೊತೆಗೆ ಕೂತು ತಾನೂ ಮೇಯ್ತಾ ಮೇಯಿಸಿದ್ರೆ ತಿಂತಿದ್ದ. ಅವಳಿಗೆ ಪುರುಸೊತ್ತಿಲ್ಲ. ಪಾರಕ್ಕನ ಜೊತೆ ಹರಟೆಗೆ ಮಾತ್ರ ಪುರುಸೊತ್ತು.

ಒಂದು ಸಂಜೆ ಸಿಟ್ಟು ಬಂತು. ಮೇಲೆ ಬಂಡೆ ಕಡೆ ಕೈ ತೋರಿಸಿದ್ಲು.

"ತಿಂತೀಯೋ, ಗುಮ್ಮನ್ನ ಕರೀಲೋ?"

"ಯಾವ ಗುಮ್ಮ?"

"ಅಗೋ, ಆ ಬಿಲದಲ್ಲಿ ಇದ್ದಾನಲ್ಲ, ಮುಳ್ಳು ಗುಮ್ಮ."

ಗಿಡ್ಡ ನಕ್ಕುಬಿಟ್ಟ. "ಓಬಜ್ಜನಾ? ಅವನು ಗೆಡ್ಡೆ ಕೊಡ್ತಾನಲ್ಲವ್ವ."

ಅಲ್ಲಿಗೆ ಬಿಟ್ಟಿದ್ರೆ ಈ ಕತೆನೇ ಇರ್ತಿರ್ಲಿಲ್ಲ. ಮಗ ನಕ್ಕಿದ್ದು ಅವಳಿಗೆ ಸೋಲು ಅನ್ನಿಸ್ತು.

"ಗೆಡ್ಡೆ ಯಾಕೆ ಕೊಡ್ತಾನೆ ಗೊತ್ತಾ? ನೀನು ದಪ್ಪ ಆಗಲಿ ಅಂತ. ಬಿಲದ ಬಾಯಲ್ಲಿ ಏನು ಬಿದ್ದಿದೆ, ನೋಡಿದ್ದೀಯಾ?"

"ಮೂಳೆ."

"ಯಾರ ಮೂಳೆ? ಅವ್ವ ಹೇಳಿದಾಗ ಉಣ್ಣದೇ ಇದ್ದ ಮಕ್ಕಳ ಮೂಳೆ."

ಗಿಡ್ಡನ ನಗು ನಿಂತುಹೋಯ್ತು. ಬಗ್ಗಿ ಗಬಗಬ ಹುಲ್ಲು ತಿಂದ. ಈರಕ್ಕ ಗೆದ್ದೆ ಅಂದ್ಕೊಂಡ್ಲು.

ಮೂಳೆ ಅಲ್ಲಿದ್ದಿದ್ದು ನಿಜ. ಅದರ ಕತೆ ನನ್ನನ್ನ ಕೇಳ್ರಿ. ಮುಳ್ಳುಹಂದಿ ಹಲ್ಲು ಬೆಳೀತಾನೇ ಇರ್ತದೆ. ಸವೆಸದೇ ಬಿಟ್ರೆ ಬಾಯಿ ಮುಚ್ಚೋಕಾಗಲ್ಲ. ಅದಕ್ಕೆ ಕಾಡಲ್ಲಿ ಒಣಗಿ ಬಿದ್ದ ಮೂಳೆ, ಉದುರಿದ ಜಿಂಕೆ ಕೊಂಬು ತಂದು ಕೂತು ಕಡೀತದೆ. ಬೇಟೆ ಆಡೋ ಜಾತಿ ಅಲ್ಲ ಅದು. ಈರಕ್ಕನಿಗೂ ಇದು ಗೊತ್ತು. ಗೊತ್ತಿದ್ದೂ ಹೇಳಿದ್ಲು ನೋಡ್ರಿ, ಅದಕ್ಕೇ ನನಗೆ ಉರಿಯೋದು.

ಮಾರನೇ ದಿನ ಪಾರಕ್ಕ ಕೇಳಿದ್ಲು. "ಏನೇ ಈರಕ್ಕ, ನಿನ್ನ ಮಗ ಇಷ್ಟು ಬೇಗ ಮೇಯ್ದುಬಿಟ್ಟ? ಏನು ಮಂತ್ರ ಹಾಕಿದೆ?"

ಈರಕ್ಕ ಹೇಳಿಕೊಟ್ಲು. ಪಾರಕ್ಕನೂ ಮರಿಗಳಿಗೆ ಅದನ್ನೇ ಹೇಳಿದ್ಲು. ಅವಳಿಂದ ಉಡಕ್ಕೆ, ಉಡದಿಂದ ಅಳಿಲಿಗೆ. ಪೊದೆ ಪೊದೆಗೂ ಹೊತ್ತು ಮುಳುಗಿದ್ರೆ ಒಂದೇ ಮಾತು, "ಉಣ್ಣು, ಇಲ್ಲಾಂದ್ರೆ ಓಬಜ್ಜ ಬರ್ತಾನೆ."

ಈಗ ಗಿಡ್ಡನ್ನ ನೋಡ್ರಿ. ಮೊದಲು ಹೆದರಿದ. ಗಲಗಲ ಸದ್ದು ಕೇಳಿದ್ರೆ ಅವ್ವನ ಹೊಟ್ಟೆ ಕೆಳಗೆ ನುಗ್ಗೋನು. ಹೆದರಿಕೆ ಹಳೇದಾದಂಗೆ ಅದು ಅಸಹ್ಯ ಆಯ್ತು. ಅಜ್ಜ ನಡೆದ ದಾರಿ ಮೂಸಿ "ಚೀ" ಅಂದು ಉಗಿಯೋನು. ಬಂಡೆ ಪಕ್ಕದ ಎಳೇ ಗರಿಕೆ ಆ ಕಾಡಿಗೇ ರುಚಿ, ಅದನ್ನ ಬಾಯಿಗಿಟ್ರೆ ಕಹಿ ಅಂದ. ಅಲ್ಲಿನ ಕಾರೆ ಹಣ್ಣು ವಿಷ ಅಂದ. ಗರಿಕೆ ಅವನಿಗೆ ಏನು ಮಾಡಿತ್ತು? ಗಿಡ ಏನು ಮಾಡಿತ್ತು? ಒಬ್ಬನ ಮೇಲೆ ಹುಟ್ಟಿದ ಹೇಸಿಗೆ ಅವನು ತುಳಿದ ಹುಲ್ಲಿಗೂ ಅಂಟ್ಕೊಳ್ತು.

ಆಮೇಲೆ ಹೇಸಿಗೆಗೆ ಧೈರ್ಯ ಬಂತು. ಗಿಡ್ಡ ನಾಲ್ಕು ಮರಿಗಳನ್ನ ಕಟ್ಕೊಂಡು ಹೋಗಿ, ಹಿಂಗಾಲಲ್ಲಿ ಮಣ್ಣು ಕೆದರಿ ಅಜ್ಜನ ಬಿಲದೊಳಗೆ ತುಂಬಿ ಬಂದ. ಬಂದು ಜಂಬದಿಂದ ಹೇಳಿದ. ಈರಕ್ಕ, ಪಾರಕ್ಕ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಓಬಜ್ಜ ಕಣ್ಣಲ್ಲಿ ಮಣ್ಣು ತುಂಬ್ಕೊಂಡು ಕೆಳಗೆ ಬಂದ.

"ಈರವ್ವ, ಏನವ್ವ ಇದು? ನಿನ್ನ ಮಗ ನನ್ನ ಮನೆಗೆ ಮಣ್ಣು ಹಾಕಿದ್ದಾನೆ."

"ಮಕ್ಕಳಾಟ ಕಣಜ್ಜ. ಅದಕ್ಕೆ ಇಷ್ಟು ಮುಳ್ಳು ಕೆದರ್ಕೊಂಡು ಬರಬೇಕಾ?"

"ಮಣ್ಣು ಹಾಕಿದ್ರೆ ತೆಗೀತೀನಿ. ಅಗೆಯೋದೇ ನನ್ನ ಕಸುಬು. ಆ ಹುಡುಗನ ತಲೆಗೆ ಏನು ಹಾಕಿದ್ದೀಯ, ಅದನ್ನ ಹೇಳು. ನನ್ನ ಕಂಡ್ರೆ ನಡುಗ್ತಾನೆ."

"ಅಯ್ಯೋ, ಉಣ್ಣಿಸೋಕೆ ಅಂತ ಒಂದು ಮಾತು ಅಂದಿದ್ದೆ. ಯಾವ ತಾಯಿ ಅನ್ನಲ್ಲ? ಅದರಿಂದ ನಿನ್ನ ಮುಳ್ಳು ಉದುರಿಹೋಯ್ತಾ?"

"ನಿನ್ನ ಹಲ್ಲೂ ಬೆಳೀತದೆ ಕಣವ್ವ. ನೀನೂ ದಿನಾ ತೊಗಟೆ ಕಡೀತೀಯ. ನಾನು ಮೂಳೆ ಯಾಕೆ ಕಡೀತೀನಿ ಅಂತ ನಿನಗೆ ಗೊತ್ತಿಲ್ವಾ?"

ಈರಕ್ಕ ಮುಖ ತಿರುಗಿಸ್ಕೊಂಡ್ಲು. "ಗೊತ್ತಿದೆ. ದೊಡ್ಡೋನಾದ್ಮೇಲೆ ಅವನಿಗೂ ಹೇಳ್ತೀನಿ ಬಿಡು."

"ಹೇಳು. ಆಗ ಕಿವಿ ಕೇಳ್ತದೆ, ಎದೆ ಕೇಳ್ತದಾ ನೋಡು." ಅಷ್ಟಂದು ಅಜ್ಜ ಹೊರಟುಹೋದ.

"ಮುದುಕನಿಗೆ ಮೈಯೆಲ್ಲಾ ಮುಳ್ಳು, ನಾಲಿಗೆಗೂ ಮುಳ್ಳು," ಅಂದ್ಲು ಪಾರಕ್ಕ. ಇಬ್ಬರೂ ಮತ್ತೆ ನಕ್ಕರು.

ಬೇಸಿಗೆ ಬಂತು. ಕುಂಟೆ ಬತ್ತಿ ಬಿರುಕು ಬಿಡ್ತು. ಈರಕ್ಕನಿಗೆ ಇನ್ನೊಂದು ಮರಿ ಆಗಿತ್ತು, ಬೆಳ್ಳಿ ಅಂತ. ಇನ್ನೂ ಹಾಲು ಕುಡಿಯೋ ಕೂಸು. ಹಾಲು ಕುಡಿಯೋಕೆ ಯಾವ ಕೂಸಿಗೂ ಗುಮ್ಮ ಬೇಡ. ಹಾಗಾಗಿ ಅವಳಿಗೆ ಆ ಮಾತು ಯಾರೂ ಹೇಳಿರ್ಲಿಲ್ಲ.

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡೋ ಜನ ಇದ್ದಾರೆ. ಹಳೇ ಹುಲ್ಲು ಸುಟ್ರೆ ಮಳೆಗೆ ಹೊಸ ಹುಲ್ಲು ಚೆನ್ನಾಗಿ ಚಿಗುರ್ತದೆ, ದನಕ್ಕೆ ಮೇವಾಗ್ತದೆ ಅಂತ. ಹುಲ್ಲಿನೊಳಗೆ ಯಾರ ಮನೆ ಇದೆ ಅಂತ ಬಗ್ಗಿ ನೋಡೋ ಅಭ್ಯಾಸ ಅವರಿಗಿಲ್ಲ. ಅವರಿಗೂ ಯಾರೋ ಚಿಕ್ಕಂದಿನಲ್ಲಿ ಹೇಳಿಕೊಟ್ಟಿರ್ತಾರೆ, ಅದು ಬರೀ ಹುಲ್ಲು ಅಂತ.

ಒಂದು ಮಧ್ಯಾಹ್ನ ಹಂಗೇ ಇಟ್ಟರು. ಗಾಳಿ ಬೀಸ್ತು. ಬೆಂಕಿ ಪಟಪಟ ಅನ್ಕೊಂಡು ಮೂರು ಕಡೆಯಿಂದ ಬಂತು. ಕುಂಟೆಯಲ್ಲಿ ನೀರಿಲ್ಲ. ಮೊಲ ಬಿಲ ತೋಡೋ ಜಾತಿ ಅಲ್ಲ, ಹುಲ್ಲಲ್ಲೇ ಮಲಗೋ ಜಾತಿ. ಉಳಿದಿದ್ದು ಒಂದೇ ಜಾಗ.

ಬಂಡೆ ಕೆಳಗಿಂದ ಓಬಜ್ಜ ಕೂಗಿದ. "ಈರವ್ವ, ಮಕ್ಕಳನ್ನ ಇತ್ತ ತಾ. ಬಿಲ ಆಳ ಐತೆ, ಒಳಗೆ ತಣ್ಣಗೈತೆ. ಬೇಗ."

ಪಾರಕ್ಕ ಸಣ್ಣ ಮರಿಗಳನ್ನ ರೆಕ್ಕೆಯಲ್ಲಿ ನೂಕ್ಕೊಂಡು, ಮುಖ ತಗ್ಗಿಸ್ಕೊಂಡು ಒಳಗೆ ನುಗ್ಗಿದ್ಲು. ಮರಿಗಳು ಕಿರುಚಿದ್ವು, ಅವಳು ಬಿಡಲಿಲ್ಲ. ಈರಕ್ಕ ಬೆಳ್ಳಿಯನ್ನ ಬಾಯಲ್ಲಿ ಕಚ್ಚಿ ತಂದು ಬಿಲದ ಮುಂದೆ ಇಟ್ಟಳು. ಬೆಳ್ಳಿ ಅಜ್ಜನ ಮುಳ್ಳು ಮೂಸಿದ್ಲು, ಒಂದು ಮೂಳೆ ದಾಟಿದ್ಲು, ತನ್ನ ಮನೆ ಅನ್ನೋ ಹಂಗೆ ಒಳಗೆ ಹೋದ್ಲು.

ಗಿಡ್ಡ ಮೂಳೆ ಕಂಡು ನಿಂತುಬಿಟ್ಟ. ಕಣ್ಣು ಹೊರಗೆ ಬಂದಿತ್ತು.

"ಬಾರೋ," ಅಂದ್ಲು ಈರಕ್ಕ.

"ಬರಲ್ಲ. ಗುಮ್ಮ."

"ಗುಮ್ಮ ಅಲ್ಲ ಕಣೋ, ನಮ್ಮ ಓಬಜ್ಜ. ಬಾ ಮಗನೇ, ಬೆಂಕಿ ಬಂತು."

"ಅವನು ತಿಂತಾನೆ ಅಂತ ನೀನೇ ಹೇಳಿದ್ದೆ."

"ಸುಳ್ಳು ಹೇಳಿದ್ದೆ ಕಣೋ. ಉಣ್ಣಲಿ ಅಂತ ಸುಳ್ಳು ಹೇಳಿದ್ದೆ."

ಗಿಡ್ಡ ಅವ್ವನ ಮುಖ ನೋಡಿದ. ದಿನಾ ಸಂಜೆ ಕೇಳಿದ ಮಾತು ಒಂದು, ಈಗ ಹೊಗೆಯಲ್ಲಿ ಕೇಳ್ತಿರೋ ಮಾತು ಒಂದು. ಯಾವುದನ್ನ ನಂಬ್ತಾನೆ, ಹೇಳ್ರಿ?

"ಈಗ ಹೇಳ್ತಿರೋದು ಸುಳ್ಳು," ಅಂದ.

ಓಬಜ್ಜ ಅವನನ್ನ ಹಿಡಿಯೋಣ ಅಂತ ಒಂದು ಹೆಜ್ಜೆ ಮುಂದೆ ಬಂದ. ಮುಳ್ಳು ಗಲಗಲ ಅಂತು. ಆ ಸದ್ದಿಗೆ ಗಿಡ್ಡ ಚಂಗನೆ ಹಾರಿದ. ಅಜ್ಜನಿಂದ ತಪ್ಪಿಸ್ಕೊಂಡು, ಅವ್ವನ ಕೈಯಿಂದ ತಪ್ಪಿಸ್ಕೊಂಡು, ನೆಟ್ಟಗೆ ಹುಲ್ಲಿಗೆ ಓಡಿದ. ಹುಲ್ಲು ಉರೀತಿತ್ತು. ಅವನಿಗೆ ಬೆಂಕಿಯ ಬಗ್ಗೆ ಯಾರೂ ಏನೂ ಹೇಳಿರ್ಲಿಲ್ಲ.

ಈರಕ್ಕ ಹಿಂದೆ ಹಾರೋಳಿದ್ಲು. ಓಬಜ್ಜ ಅಡ್ಡ ನಿಂತು ಅವಳನ್ನ ಒಳಗೆ ನೂಕಿದ. ಆಮೇಲೆ ಬಿಲದ ಬಾಯಿಗೆ ಬೆನ್ನು ಕೊಟ್ಟು ಕೂತ. ಬೆಂಕಿ ಅವನ ಮುಳ್ಳಿನ ತುದಿ ಸುಟ್ಟು ಮೇಲಕ್ಕೆ ಹೋಯ್ತು.

ಹೊಗೆ ಆರಿದ ಮೇಲೆ ಎಲ್ಲರೂ ಹೊರಗೆ ಬಂದರು. ಕಾಡು ಕರ್ರಗೆ ಬಿದ್ದಿತ್ತು. ಗಿಡ್ಡ ಎಲ್ಲಿದ್ದಾನೆ ಅಂತ ಯಾರೂ ಹುಡುಕೋಕೆ ಹೋಗಲಿಲ್ಲ. ದೂರದಿಂದಲೇ ಕಾಣ್ತಿತ್ತು.

ಈರಕ್ಕ ಬೂದಿಯಲ್ಲಿ ಕೂತಳು. ಬೂದಿ ಕೆದರ್ತಾ ಅಂದ್ಲು, "ಅಜ್ಜ, ಬಾಗಿಲು ತೆರೆದಿತ್ತಲ್ಲ. ನನ್ನ ಮಗ ಯಾಕೆ ಬರಲಿಲ್ಲ?"

ಸಮಾಧಾನ ಹೇಳೋ ಮುದುಕ ಅಲ್ಲ ಓಬಜ್ಜ. ನಾನಾಗಿದ್ರೂ ಹೇಳ್ತಿರ್ಲಿಲ್ಲ.

"ನಾನು ತೆರೆದೇ ಇಟ್ಟಿದ್ದೆ. ನಿನ್ನ ಮಗನ ಪಾಲಿಗೆ ಅದನ್ನ ಮುಚ್ಚಿದೋಳು ನೀನು, ದಿನಾ ಒಂದು ತುತ್ತಿಗೆ ಒಂದು ಕಲ್ಲು ಇಟ್ಟು."

ಅಷ್ಟರಲ್ಲಿ ಬೆಳ್ಳಿ, ಪಾಪ ಏನೂ ತಿಳೀದ ಕೂಸು, ಅಜ್ಜನ ಬೆನ್ನಿಂದ ಉದುರಿದ ಒಂದು ಸುಟ್ಟ ಮುಳ್ಳು ಸಿಕ್ಕಿತು ಅಂತ ಅದನ್ನ ಬೂದಿಯಲ್ಲಿ ಉರುಳಿಸ್ಕೊಂಡು ಆಡೋಕೆ ಶುರು ಮಾಡಿದ್ಲು. ಪಾರಕ್ಕ ಅಭ್ಯಾಸಬಲಕ್ಕೆ "ಚೀ, ಬಿಡೇ" ಅನ್ನೋಕೆ ಹೋದ್ಲು. ಈರಕ್ಕ ಅವಳ ಕಡೆ ಒಂದು ಸಲ ನೋಡಿದ್ಲು. ಪಾರಕ್ಕ ಕೊಕ್ಕು ಮುಚ್ಕೊಂಡ್ಲು.

ಹಲ್ಲಿ ಕಂಡ್ರೆ ಚೀ ಅಂತೀರಿ. ಬಾವಲಿ ಕಂಡ್ರೆ ಕಲ್ಲು ಹುಡುಕ್ತೀರಿ. ಹುಣಸೆ ಮರದ ಕೆಳಗೆ ಹೋಗೋಕೆ ಹೆದರ್ತೀರಿ. ಇವತ್ತು ಮನೆಗೆ ಹೋಗಿ ಕೇಳ್ರಿ, ಇದನ್ನೆಲ್ಲಾ ನನಗೆ ಯಾರು ಕಲಿಸಿದ್ದು ಅಂತ. ತೊಟ್ಟಿಲಲ್ಲಿ ಮಲಗಿ ಚೀ ಅಂದ ಕೂಸನ್ನ ನಾನಂತೂ ನೋಡಿಲ್ಲ.

ನೀತಿ: ಒಂದು ತುತ್ತು ಇಳಿಯಲಿ ಅಂತ ಮಗುವಿನ ಎದೆಗೆ ಹಾಕಿದ ಸುಳ್ಳು ಭಯ, ಪ್ರಾಣ ಉಳಿಸೋಕೆ ಬಾ ಅಂತ ಕರೆದಾಗ ಎದೆ ಬಿಟ್ಟು ಹೋಗೋದಿಲ್ಲ.