ಕುಬೇರಪ್ಪ ಕೊಂಡ ಸಾಲ

"ದಯೆ ದಾಕ್ಷಿಣ್ಯ ಬೇಕಾದವರು ದೇವಸ್ಥಾನಕ್ಕೆ ಹೋಗಲಿ. ನಮ್ಮ ಅಂಗಡಿಯಲ್ಲಿ ಆ ಸರಕು ಇಟ್ಟಿಲ್ಲ!"

ಹೀಗೆಂದು ವರ್ತಕ ಕುಬೇರಪ್ಪ ತೂಗುಮಂಚದ ಮೇಲೆ ಕೂತು ಹೊಟ್ಟೆ ನೇವರಿಸಿಕೊಂಡ. ಎದುರಿಗೆ ನಿಂತಿದ್ದವಳು ಗಾಯಕಿ ನಾಗಲೆ.

ಚಿತ್ರಗಿರಿ ರಾಜ್ಯದ ಪಾಠಶಾಲೆಯಲ್ಲಿ ಕಲಿಯುವ ಬಡವರಿಗೆ ಹಿಂದಿನಿಂದಲೂ ಅರಮನೆಯೇ ಸಾಲ ಕೊಡುತ್ತಿತ್ತು. ಕಲಿತು ದುಡಿಯತೊಡಗಿದ ಮೇಲೆ ವರ್ಷ ವರ್ಷ ಒಂದಿಷ್ಟು ತೀರಿಸಬೇಕು. ಕಾಯಿಲೆ ಕಸಾಲೆ ಬಂದು ದುಡಿಮೆ ನಿಂತರೆ, ಮತ್ತೆ ಸಂಪಾದನೆ ಶುರುವಾಗುವವರೆಗೆ ಗಡುವು ಮುಂದಕ್ಕೆ. ನಾಗಲೆ ಹಾಗೆ ಸಂಗೀತ ಕಲಿತವಳು. ಒಂದು ವರ್ಷವೂ ತಪ್ಪದೆ ಕಟ್ಟುತ್ತ ಬಂದಿದ್ದಳು. ಈ ಚಳಿಗಾಲದಲ್ಲಿ ಜ್ವರ ಬಂತು. ಹೋಗುವಾಗ ಅವಳ ಗಂಟಲನ್ನೂ ಕಟ್ಟಿಕೊಂಡು ಹೋಯಿತು. "ಮುಂಗಾರಿನವರೆಗೆ ಬಾಯಿ ಮುಚ್ಚಿಕೊಂಡಿರು, ಸ್ವರ ತಾನೇ ಬರುತ್ತೆ" ಎಂದರು ವೈದ್ಯರು. ಮದುವೆಮನೆಯವರು ಮುಂಗಾರಿನವರೆಗೆ ಕಾಯುತ್ತಾರೆಯೆ? ಬೇರೆಯವರನ್ನು ಕರೆದರು.

ಮೊದಲಾಗಿದ್ದರೆ ಅರಮನೆಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ದೊರೆ ಮಲ್ಲಭೂಪನಿಗೆ ಪಟ್ಟದಾನೆಗೆ ಹೊಸ ಅಂಬಾರಿ ಮಾಡಿಸುವ ಹುಚ್ಚು ಹತ್ತಿತ್ತು. ಬೊಕ್ಕಸ ನೋಡಿದರೆ ಖಾಲಿ. ಪಾಠಶಾಲೆಯ ಹಳೆಯ ಸಾಲಗಳನ್ನೆಲ್ಲ ಒಟ್ಟಿಗೆ ಕುಬೇರಪ್ಪನಿಗೆ ಮಾರಿಬಿಟ್ಟಿದ್ದ.

ನಾಗಲೆ ಪಿಸುದನಿಯಲ್ಲೇ ಮತ್ತೆ ಬೇಡಿಕೊಂಡಳು.

"ಏನಮ್ಮ, ಕೇಳಿಸಲಿಲ್ಲ. ಜೋರಾಗಿ ಹೇಳು" ಎಂದ ಕುಬೇರಪ್ಪ.

"ಜೋರಾಗಿ ಹೇಳೋ ಹಾಗಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ, ಯಜಮಾನರೇ. ದೊರೆಗಳು ಇಂಥ ಹೊತ್ತಿನಲ್ಲಿ ಗಡುವು ಕೊಡುತ್ತಿದ್ದರು."

"ದೊರೆಗಳು ಕೊಡುತ್ತಿದ್ದರು. ನಾನೇನು ದೊರೆಯೇ? ನಾನು ಕೊಂಡದ್ದು ಸಾಲ. ಅದರ ಜೊತೆ ಗಡುವು ಕೊಂಡಿಲ್ಲ. ಹುಣ್ಣಿಮೆಯೊಳಗೆ ಬಾಕಿಯೆಲ್ಲ ತಂದು ಸುರಿ. ಇಲ್ಲದಿದ್ದರೆ ನಿನ್ನ ವೀಣೆ ನಮ್ಮ ಮನೆಗೆ ಬರುತ್ತೆ."

ವೀಣೆ ಅವಳ ಗುರುಗಳು ಕೊಟ್ಟದ್ದು. ಗಂಟಲು ಹೋದ ಮೇಲೆ ಅವಳಿಗೆ ಉಳಿದಿದ್ದ ಸ್ವರ ಅದೊಂದೇ. ನಾಗಲೆ ಕಣ್ಣೊರೆಸಿಕೊಳ್ಳುತ್ತ ನೆಟ್ಟಗೆ ಬೊಮ್ಮರಸನ ಮನೆಗೆ ಹೋದಳು. ದೊರೆಯನ್ನು ಎದುರಿಗೇ ಹಾಸ್ಯ ಮಾಡಿಯೂ ತಲೆ ಉಳಿಸಿಕೊಂಡವನು ಆಸ್ಥಾನದಲ್ಲಿ ಅವನೊಬ್ಬನೇ.

ಬೊಮ್ಮರಸ ಜಗಲಿಯಲ್ಲಿ ಕಬ್ಬು ಸಿಗಿಯುತ್ತ ಎಲ್ಲವನ್ನೂ ಕೇಳಿದ. ಆಮೇಲೆ ಸಿಪ್ಪೆ ಉಗಿದು, "ಅಲ್ಲ ತಂಗಿ, ಕುಬೇರಪ್ಪ ಇಷ್ಟು ಸಾಲ ಕೊಂಡನಲ್ಲ, ದೊರೆಗೆ ಪೂರ್ತಿ ಹಣ ಕೊಟ್ಟನೆ?" ಎಂದ.

"ನನಗೇನು ಗೊತ್ತು ಅಣ್ಣ?"

"ನನಗೆ ಗೊತ್ತು. ಅರ್ಧ ಕೊಟ್ಟಿದ್ದಾನೆ. ಇನ್ನರ್ಧ ಅವನ ಹಡಗು ಬಂದ ಮೇಲೆ. ನೀನು ಹೋಗಿ ಗಂಜಿ ಕುಡಿದು ಮಲಗು. ಬೆಳಿಗ್ಗೆ ಬಾ."

ನಾಗಲೆಗೆ ತಲೆಬುಡ ತಿಳಿಯಲಿಲ್ಲ. ಅವಳು ಅತ್ತ ಹೋದಳು, ಬೊಮ್ಮರಸ ಇತ್ತ ಅರಮನೆಗೆ ಹೋದ. ಅಂಬಾರಿಯ ಅಕ್ಕಸಾಲಿಗರು ಕೂಲಿಗಾಗಿ ದೊರೆಯ ಪ್ರಾಣ ಹಿಂಡುತ್ತಿದ್ದರು.

"ಪ್ರಭು, ಕುಬೇರಪ್ಪನಿಂದ ಬರಬೇಕಾದ ಬಾಕಿಯನ್ನು ನನಗೆ ಮಾರಿಬಿಡಿ."

"ನಿನ್ನ ಹತ್ತಿರ ಹಣ ಎಲ್ಲಿದೆಯೋ?"

"ಈಗ ಒಂದು ವರಹ. ವಸೂಲಾದದ್ದೆಲ್ಲ ಬೊಕ್ಕಸಕ್ಕೇ."

ದೊರೆಗೆ ನಗು ಬಂತು. ಆದರೂ ಮುದ್ರೆ ಒತ್ತಿಕೊಟ್ಟ.

ಬೆಳಿಗ್ಗೆ ನಾಗಲೆ ಬಂದು ನೋಡಿದರೆ ಬೊಮ್ಮರಸ ಎತ್ತಿನ ಗಾಡಿ ಹೂಡಿಸಿಕೊಂಡು ಕಾಯುತ್ತಿದ್ದ. ಇಬ್ಬರೂ ಆಳುಗಳನ್ನು ಕರೆದುಕೊಂಡು ಕುಬೇರಪ್ಪನ ಮನೆಗೆ ಹೋದರು. ಅವನು ತೂಗುಮಂಚದ ಮೇಲೆ ಹಾಲು ಕುಡಿಯುತ್ತಿದ್ದ.

"ಕುಬೇರಪ್ಪನವರೇ, ನಿಮ್ಮ ಬಾಕಿ ನಾನು ಕೊಂಡಿದ್ದೇನೆ. ಐದು ಸಾವಿರ ವರಹ. ಈಗಲೇ ಎಣಿಸಿ."

ಕುಬೇರಪ್ಪನಿಗೆ ಹಾಲು ನೆತ್ತಿಗೇರಿತು. "ಹಡಗು ಬರೋವರೆಗೆ ದೊರೆಗಳು ಗಡುವು ಕೊಟ್ಟಿದ್ದಾರೆ!"

"ಕೊಟ್ಟಿರಬಹುದು. ನಾನೇನು ದೊರೆಯೇ? ಕೊಳ್ಳುವಾಗ ಗಡುವೂ ಅಲ್ಲೇ ಇತ್ತು. ಗಾಡಿಯಲ್ಲಿ ಜಾಗವಿರಲಿಲ್ಲ, ಬಿಟ್ಟು ಬಂದೆ" ಎಂದ ಬೊಮ್ಮರಸ. ಆಮೇಲೆ ಆಳುಗಳತ್ತ ತಿರುಗಿ, "ಆ ಮಂಚದಿಂದ ಶುರುಮಾಡಿ" ಎಂದ.

"ಯಜಮಾನರು ಇನ್ನೂ ಅದರ ಮೇಲೇ ಇದ್ದಾರಲ್ಲ ಸ್ವಾಮಿ?"

"ಇರಲಿ ಬಿಡು. ಬಡ್ಡಿಗೆ ಆಯಿತು."

ಆಳುಗಳು ಸರಪಳಿ ಬಿಚ್ಚಿ ಮಂಚ ಎತ್ತಿಯೇಬಿಟ್ಟರು. ಕುಬೇರಪ್ಪ ದಿಂಬು ತಬ್ಬಿಕೊಂಡು ಕಿರುಚಿದ. ಬೀದಿಯ ಜನವೆಲ್ಲ ಸೇರಿದರು. ನಾಗಲೆಗೆ ತಡೆಯಲಾರದ ನಗು ಬಂತು; ಬಾಯಿಂದ ಬಂದದ್ದು ಮಾತ್ರ ಹಳೇ ಕದ ಕಿರುಗುಟ್ಟಿದಂಥ ಸದ್ದು. ಕುಬೇರಪ್ಪ ಮಂಚದಿಂದ ಧುಮುಕಿ, ಜಾರುತ್ತಿದ್ದ ಪಂಚೆ ಹಿಡಿದುಕೊಂಡು ಅರಮನೆಯತ್ತ ಓಡಿದ. ಹಿಂದೆ ಬೊಮ್ಮರಸ, ಅವನ ಹಿಂದೆ ನಾಗಲೆ, ಅವಳ ಹಿಂದೆ ಮಂಚ ಹೊತ್ತ ಆಳುಗಳು, ಅವರ ಹಿಂದೆ ಅರ್ಧ ಊರು.

"ಅನ್ಯಾಯ ಮಹಾಪ್ರಭು!" ಕುಬೇರಪ್ಪ ದೊರೆಯ ಕಾಲಿಗೆ ಬಿದ್ದ. "ಹಸು ಮಾರಿದರೆ ಹೊಟ್ಟೆಯಲ್ಲಿರೋ ಕರುವೂ ಜೊತೆಗೇ ಹೋಗುತ್ತೆ. ಸಾಲ ಯಾರ ಕೈಗೆ ಹೋದರೂ, ಅದಕ್ಕೆ ಕೊಟ್ಟ ಗಡುವು ಅದರ ಬೆನ್ನಿಗೇ ಹೋಗಬೇಕು. ಇದು ಲೋಕನ್ಯಾಯ!"

"ಆಹಾ, ಎಂಥ ಮಾತು!" ಬೊಮ್ಮರಸ ಕೈಮುಗಿದ. "ಇದನ್ನೇ ಸ್ವಲ್ಪ ಈ ತಂಗಿಯ ಕಡೆ ತಿರುಗಿ ಹೇಳುತ್ತೀರಾ?"

ಕುಬೇರಪ್ಪ ತಿರುಗಿದ. ನಾಗಲೆ ನಿಂತಿದ್ದಳು. ಹೇಳಲು ತೆರೆದ ಕುಬೇರಪ್ಪನ ಬಾಯಿ ತೆರೆದೇ ಉಳಿಯಿತು. ಈಗ ಸ್ವರ ಹೋದದ್ದು ಅವನದು.

ದೊರೆ ನಾಗಲೆಯನ್ನು ಹತ್ತಿರ ಕರೆದು ವಿಷಯ ಕೇಳಿದ. ಅವಳ ಪಿಸುಮಾತಿಗೆ ಸಭೆಯೇ ಉಸಿರು ಬಿಗಿಹಿಡಿಯಿತು. ಕೇಳುತ್ತ ಕೇಳುತ್ತ ದೊರೆಯ ತಲೆ ತಗ್ಗಿತು.

"ತಪ್ಪು ಕೊಂಡವನದಷ್ಟೇ ಅಲ್ಲ, ಮಾರಿದವನದೂ ಹೌದು. ಕುಬೇರಪ್ಪ ಹೇಳಿದ್ದೇ ಇನ್ನು ಮೇಲೆ ನಮ್ಮ ಕಟ್ಟಳೆ. ನಾಗಲೆಗೆ ದನಿ ಬರುವವರೆಗೆ ಅವಳ ಬಾಗಿಲಿಗೆ ಯಾರೂ ಹೋಗಕೂಡದು. ಪಾಠಶಾಲೆಯಲ್ಲಿ ಕಲಿತ ಎಲ್ಲರಿಗೂ ಇದೇ ಮಾತು. ಒಪ್ಪಿಗೆಯೋ?"

ಕುಬೇರಪ್ಪ ಬಾಗಿಲಾಚೆ ನೋಡಿದ. ಅಲ್ಲಿ ಆಳುಗಳು ಅವನ ಮಂಚದ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದರು. "ಒಪ್ಪಿಗೆ ಪ್ರಭು" ಎಂದ. ಅವನ ಹಡಗಿನ ಗಡುವೂ ಉಳಿಯಿತು.

ನಾಗಲೆ ಮಾತಾಡಲಾಗದೆ ಬೊಮ್ಮರಸನಿಗೆ ಕೈಮುಗಿದಳು. ದೊರೆಗೆ ಈಗ ನಗು ತಡೆಯಲಾಗಲಿಲ್ಲ.

"ಭಲೇ ಬೊಮ್ಮರಸ! ನಿನಗೆ ನೂರು ವರಹ ಬಹುಮಾನ. ಅಂಬಾರಿಯ ಖರ್ಚು ಮುಗಿಯಲಿ, ಮುಂದಿನ ತಿಂಗಳು ಕೊಡುತ್ತೇನೆ."

ಬೊಮ್ಮರಸ ಅಲ್ಲೇ ಉತ್ತರೀಯ ಬಿಚ್ಚಿ ಸೆರಗೊಡ್ಡಿದ.

"ಬೇಡ ಪ್ರಭು, ಐವತ್ತಾದರೂ ಈಗಲೇ ಕೊಟ್ಟುಬಿಡಿ. ಮುಂದಿನ ತಿಂಗಳೊಳಗೆ ನೀವು ನನ್ನ ಬಹುಮಾನವನ್ನೂ ಯಾರಿಗಾದರೂ ಮಾರಿಬಿಟ್ಟರೆ?"