ಮಡಿಲಲ್ಲಿ ಮಲಗಿದ ಕಲ್ಲು

ಕೋತಿಗಳ ಹಿಂಡಿಗೆ ಅಂಟುರೋಗ ಬಡಿಯಿತು. ಹಿಂಡಿನ ಕೆಂಚಿ ತನ್ನ ಮುದಿ ತಾಯಿಗೆ ಅದು ತಗಲಬಾರದೆಂದು ಅವಳನ್ನು ಹಳ್ಳದಾಚೆಯ ಬಂಡೆಯ ಮೇಲೆ ಒಂಟಿಯಾಗಿ ಕೂರಿಸಿದಳು. ದಿನವೂ ಈಚೆ ದಡದಿಂದ ಹಣ್ಣೆಸೆದು ಓಡಿಬರುತ್ತಿದ್ದಳು.

"ಇಲ್ಲೇ ನಿಂತು ನಾಲ್ಕು ಮಾತಾಡಿದರೆ ನಿನ್ನ ಗಂಟೇನು ಹೋಗುತ್ತದೆ?" ಎಂದಿತು ಅಳಿಲು.

"ಮಾತಿನಿಂದ ಹೊಟ್ಟೆ ತುಂಬುತ್ತದೆಯೇ? ಅವ್ವನಿಗೆ ನಾನೇನು ಕಡಿಮೆ ಮಾಡಿದ್ದೇನೆ?" ಎಂದು ಕೆಂಚಿ ಸಿಡುಕಿದಳು.

ರೋಗ ತೊಲಗಿದ ದಿನ ಕೆಂಚಿ ಕುಣಿಯುತ್ತ ಹಳ್ಳ ಜಿಗಿದಳು. ಎಸೆದ ಹಣ್ಣು ಅರ್ಧಕ್ಕರ್ಧ ಕೊಳೆತು ಬಿದ್ದಿತ್ತು. ಅವ್ವ ಮಡಿಲಲ್ಲಿ ಒಂದು ಗುಂಡುಕಲ್ಲನ್ನು ಮಲಗಿಸಿಕೊಂಡು ಅದರ ಮೈಯಲ್ಲಿ ಹೇನು ಹೆಕ್ಕುತ್ತಿದ್ದಳು.

"ಅವ್ವಾ, ರೋಗ ಹೋಯಿತು! ಬಾ, ಹಿಂಡಿಗೆ ಹೋಗೋಣ!"

ಮುದುಕಿ ತಲೆಯೆತ್ತದೆ ಗದರಿದಳು: "ಕೂಗಬೇಡ! ಯಾರಮ್ಮ ನೀನು? ನನ್ನ ಕೆಂಚಿ ಈಗಷ್ಟೇ ನಿದ್ದೆ ಹೋಗಿದ್ದಾಳೆ."